ಕಂಬದ ಹಿಂದಿನ ಕುರ್ಚಿ

ಬೇರೆ ಬೀದಿಗಳಿಗೆ ಬೆಳಗಾಗುವ ಹಾಗೆ ಆ ಬೀದಿಗೆ ಸಂಜೆಯಾಗುತ್ತಿತ್ತು. ಹಗಲೆಲ್ಲ ಶಟರ್ ಎಳೆದುಕೊಂಡು ಸೋಮಾರಿಯಂತೆ ಬಿದ್ದಿರುತ್ತಿದ್ದದ್ದು, ದೀಪ ಹತ್ತಿದ್ದೇ ತಡ, ಮುಖ ತೊಳೆದು ತಲೆ ಬಾಚಿಕೊಂಡು ಎದ್ದು ನಿಲ್ಲುತ್ತಿತ್ತು. ಒಂದು ಬದಿಗೆ ಕೂಗು, ಇನ್ನೊಂದು ಬದಿಗೆ ಹಾಡು. ಕೂಗಿನ ಬದಿಗಿದ್ದದ್ದು ಒಂದು ಬಾರು. ಒಳಗೆ ಗೋಡೆಯಗಲದ ಪರದೆ, ಪರದೆಯ ತುಂಬ ಫುಟ್‌ಬಾಲು. ಹಾಡಿನ ಬದಿಗಿದ್ದದ್ದು ಹಳೆಯ ಗೋದಾಮು. ಒಂದು ಕಾಲಕ್ಕೆ ಸಿಮೆಂಟ್ ಮೂಟೆ ಪೇರಿಸುತ್ತಿದ್ದ ಜಾಗದಲ್ಲಿ ಈಗ ವೇದಿಕೆ, ಮೈಕು, ನಾಲ್ಕು ಬಣ್ಣದ ದೀಪ. ಕೂಗಿ ಕೂಗಿ ಗಂಟಲು ಕಟ್ಟಿದವರು ರಸ್ತೆ ದಾಟಿ ಹಾಡು ಕೇಳುವುದು, ಹಾಡು ಬೇಸರವಾದವರು ಈಚೆ ಬಂದು ಕೂಗುವುದು, ಹೀಗೆ ಎರಡೂ ಕಡೆಯವರ ಹೊಟ್ಟೆ ತುಂಬುತ್ತಿತ್ತು. ನಡುವೆ ಇದ್ದದ್ದು ಒಂದೇ ರಸ್ತೆ. ಅದೂ ಎಂಥದ್ದು? ಲಾರಿ ಬಂದರೆ ಎದುರಿನ ಸ್ಕೂಟರು ಚರಂಡಿಗೆ ಇಳಿಯಬೇಕು, ಅಷ್ಟು ಇಕ್ಕಟ್ಟಿನದು. ಆ ರಸ್ತೆಯನ್ನು ದಾಟದೆ ಒಬ್ಬ ಮನುಷ್ಯ ಕೆಟ್ಟ ಕತೆ ಇದು.

ಮನುಷ್ಯ ದರ್ಜಿ. ಹೊಸ ಬಟ್ಟೆ ಹೊಲಿಸುವವರು ಈಗ ಎಲ್ಲಿದ್ದಾರೆ? ಅವನ ಪಾಲಿಗೆ ಬರುತ್ತಿದ್ದದ್ದು ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೊಂಟ ಬಿಡಿಸುವುದು, ಕೆಟ್ಟ ಜಿಪ್ ಕಿತ್ತು ಬೇರೆ ಹಾಕುವುದು. ಗಿರಾಕಿಗಳು ಫೋನಿನಲ್ಲಿ ಮಾತಾಡುತ್ತಲೇ ಬಟ್ಟೆ ಕೊಟ್ಟು, ಮಾತಾಡುತ್ತಲೇ ತೆಗೆದುಕೊಂಡು ಹೋಗುತ್ತಿದ್ದರು. ಅವನ ಮುಖ ನೋಡಿದವರು ಕಡಿಮೆ. ಅಪ್ಪಿತಪ್ಪಿ ನೋಡಿದವರೂ "ಓ, ನೀವು ಕ್ಲಾರಿನೆಟ್‌ನವರ ತಮ್ಮ ಅಲ್ವಾ?" ಎನ್ನುತ್ತಿದ್ದರು.

ಕ್ಲಾರಿನೆಟ್‌ನವನು ಅವನ ಸ್ವಂತ ಅಣ್ಣ. ಗೋದಾಮಿನ ವಾದ್ಯತಂಡದಲ್ಲಿ ಬಹಳ ವರ್ಷಗಳಿಂದ ನುಡಿಸುತ್ತಿದ್ದವನು. ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅಣ್ಣತಮ್ಮ ಇಬ್ಬರದೇ ಸಂಸಾರ. ಅಣ್ಣನಿಗೆ ಹೆಣ್ಣು ಕೊಡಲು ಬಂದವರು, ರಾತ್ರಿ ಮನೆಯಲ್ಲಿರದ ಗಂಡು ಯಾಕೆ ಎಂದು ಹಿಂದೆ ಹೋದರು. ತಮ್ಮನಿಗೆ ಕೊಡಲು ಯಾರೂ ಬರಲೇ ಇಲ್ಲ. ದರ್ಜಿಗೆ ಅಣ್ಣನೆಂದರೆ ಪ್ರಾಣ. ಹೊಟ್ಟೆಕಿಚ್ಚೂ ಇತ್ತು. ಅಣ್ಣ ನುಡಿಸಿ ಮುಗಿಸಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆಯುವುದನ್ನು ಹಿಂದಿನ ಸಾಲಿನಿಂದ ನೋಡಿ, ಖುಷಿಯಿಂದ ತಾನೂ ಹೊಡೆದು, ಮನೆಗೆ ಬಂದು ಕಾರಣವಿಲ್ಲದೆ ಪಾತ್ರೆ ಕುಕ್ಕುತ್ತಿದ್ದ.

ಅಂಥವನಿಗೂ ಒಂದು ದೆಸೆ ತಿರುಗಿತ್ತು, ಅದೂ ಎದುರಿನ ಬಾರಿನಲ್ಲಿ. ಎರಡು ವರ್ಷದ ಹಿಂದೆ ಒಂದು ಪಂದ್ಯದ ದಿನ ಕೂರಲು ಜಾಗವಿಲ್ಲದೆ, ದಪ್ಪ ಕಂಬದ ಹಿಂದೆ ಯಾರಿಗೂ ಬೇಡವಾಗಿ ಬಿದ್ದಿದ್ದ ಕುರ್ಚಿಯಲ್ಲಿ ಅವನು ಕೂತ. ಅಲ್ಲಿಂದ ಪರದೆಯ ಎಡ ಅರ್ಧ ಮಾತ್ರ ಕಾಣುತ್ತಿತ್ತು, ಬಲ ಅರ್ಧವನ್ನು ಕಂಬ ನುಂಗುತ್ತಿತ್ತು. ಅವತ್ತು ಊರಿನ ತಂಡ ಗೆದ್ದಿತು. ಸೋತು ಸೋತು ಸುಣ್ಣವಾಗಿದ್ದ ತಂಡ ಅದು. ಮುಂದಿನ ವಾರವೂ ಅಲ್ಲೇ ಕೂತ, ಮತ್ತೆ ಗೆದ್ದಿತು. ಇನ್ನೊಂದು ದಿನ ತಡೆಯಲಾರದೆ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಎದುರಾಳಿ ಗೋಲು ಹೊಡೆದುಬಿಟ್ಟ. ಇಷ್ಟು ಸಾಲದೇ? ಪಕ್ಕದ ಕಟಿಂಗ್ ಶಾಪಿನವನು, ಜನ್ಮದಲ್ಲಿ ಚೆಂಡು ಒದೆಯದಿದ್ದರೂ ಬಾರಿನವರೆಲ್ಲ ಕ್ಯಾಪ್ಟನ್ ಎಂದು ಕರೆಯುತ್ತಿದ್ದವನು, ಎದ್ದು ನಿಂತು ಘೋಷಿಸಿದ: "ಇವತ್ತಿಂದ ಪಂದ್ಯ ಮುಗಿಯೋವರೆಗೆ ಇವರು ಕುರ್ಚಿ ಬಿಡಂಗಿಲ್ಲ. ಬಿಟ್ರೆ ನಾನು ತಲೆ ಬೋಳಿಸ್ತೀನಿ."

ಆವತ್ತಿನಿಂದ ಅವನು ಕಂಬಣ್ಣನಾದ. ಕುರ್ಚಿಯ ಬೆನ್ನಿಗೆ ಯಾರೋ ಬಿಳಿ ಬಣ್ಣದಲ್ಲಿ ಕತ್ತರಿಯ ಚಿತ್ರ ಬರೆದರು. ಅವನು ಬಾಗಿಲಲ್ಲಿ ಕಾಣಿಸಿದರೆ "ಬಂದ್ರು ಬಂದ್ರು" ಎಂದು ದಾರಿ ಬಿಡುತ್ತಿದ್ದರು. ಪಂದ್ಯಕ್ಕೆ ಮುಂಚೆ ನೀರು ಜಾಸ್ತಿ ಕುಡಿಯಬೇಡಿ ಎಂದು ಗದರಿಸುತ್ತಿದ್ದರು. ಗೆದ್ದಾಗ ಕ್ಯಾಪ್ಟನ್ ಕಟ್ಟಿದ್ದ ಹಾಡನ್ನು ಹೇಳುತ್ತಿದ್ದರು: "ಹೋ ಹೋ ಹೊಯ್ಯೋ, ನಮ್ದೇ ಕಣ್ರೋ!" ಹಾಡೇನು ಬಂತು, ನಾಲ್ಕು ಸ್ವರದ ಅರಚಾಟ. ಆದರೆ ಒಮ್ಮೆ ಕಿವಿ ಹೊಕ್ಕರೆ ಸುಲಭಕ್ಕೆ ಹೊರಬೀಳುವ ಜಾತಿಯದಲ್ಲ. ನಿಜ ಹೇಳಬೇಕೆಂದರೆ ದರ್ಜಿಗೆ ಫುಟ್‌ಬಾಲಿನ ನಿಯಮ ಅರ್ಧ ಗೊತ್ತಿತ್ತು, ಕಾಣುತ್ತಿದ್ದದ್ದೂ ಅರ್ಧ. ಅವನಿಗೆ ಆಟ ಬೇಕಿರಲಿಲ್ಲ. ಅಷ್ಟು ಜನಕ್ಕೆ ತಾನು ಬೇಕಾಗಿದ್ದೇನೆ ಎನ್ನುವುದು ಬೇಕಿತ್ತು.

ಹೀಗಿರುವಾಗ ಅಣ್ಣನ ಕೆಳದವಡೆಯಲ್ಲಿ ಗಂಟು ಕಾಣಿಸಿತು. ಹಲ್ಲುನೋವೆಂದು ತಿಂಗಳುಗಟ್ಟಲೆ ಲವಂಗ ಕಚ್ಚಿಕೊಂಡು ಕೂತದ್ದೇ ತಪ್ಪಾಯಿತು. ಡಾಕ್ಟರು ದವಡೆಯ ಅರ್ಧ, ನಾಲಗೆಯ ಒಂದು ಭಾಗ ತೆಗೆಯಬೇಕೆಂದರು. "ಜೀವಕ್ಕೆ ಪ್ರಯತ್ನ ಮಾಡೋಣ. ಊದೋದನ್ನ ಮರೆತುಬಿಡಿ" ಎಂದರು. ಭಾನುವಾರ ಆಸ್ಪತ್ರೆಗೆ ಸೇರುವುದೆಂದು ಗೊತ್ತಾಯಿತು.

ಅದಕ್ಕೆ ಮುಂಚಿನ ಒಂದು ಮಧ್ಯಾಹ್ನ ಅಣ್ಣ ಕೆಳಗಿಳಿದು ಬಂದು ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತ. ಕೆನ್ನೆ ಒಂದು ಕಡೆ ಊದಿತ್ತು.

"ಶನಿವಾರ ರಾತ್ರಿ ಗೋದಾಮಲ್ಲಿ ಒಂದೇ ಒಂದು ನುಡಿಸ್ತೀನಿ ಕಣೋ. ಬಾಯಿ ಅಷ್ಟಕ್ಕೆ ತಡೆಯುತ್ತೆ."

"ಯಾವ್ದು ಅಣ್ಣ?"

"ಅಮ್ಮನ ಮಿಷನ್ದು."

ದರ್ಜಿ ಕಾಲು ನಿಲ್ಲಿಸಿದ. ಅವರ ಅಮ್ಮನೂ ಹೊಲಿಯುತ್ತಿದ್ದವಳು. ಅವಳ ಕಾಲ್ತುಳಿತದ ಮಿಷನ್ನು ಓಡುವುದು, ತಿರುವಿನಲ್ಲಿ ನಿಧಾನವಾಗುವುದು, ದಾರ ಕತ್ತರಿಸಲು ನಿಲ್ಲುವುದು, ಮತ್ತೆ ಓಡುವುದು, ಇದನ್ನು ಕೇಳುತ್ತ ಇಬ್ಬರೂ ಅದರ ಬುಡದಲ್ಲೇ ಮಲಗಿ ಬೆಳೆದವರು. ಅಣ್ಣ ಆ ಸದ್ದಿನ ಮೇಲೆ ಒಂದು ಧಾಟಿ ಕಟ್ಟುತ್ತಿದ್ದಾನೆಂದು ದರ್ಜಿಗೆ ಗೊತ್ತಿತ್ತು. ವರ್ಷಗಟ್ಟಲೆ ಮೇಲಿನ ಕೋಣೆಯಿಂದ ತುಂಡು ತುಂಡಾಗಿ ಕೇಳಿಸುತ್ತಿತ್ತು. "ಬಾರೋ, ಒಂದ್ಸಲ ಕೇಳು" ಎಂದು ಅಣ್ಣ ಕರೆದಾಗಲೆಲ್ಲ ಇವನು "ಕೈಲಿ ಕೆಲಸ ಇದೆ, ಆಮೇಲೆ" ಎನ್ನುತ್ತಿದ್ದ. ಇಲ್ಲಿ ಕೆಲಸಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಿತ್ತು.

"ಪೂರ್ತಿ ಯಾರಿಗೂ ನುಡಿಸಿಲ್ಲ" ಎಂದ ಅಣ್ಣ. "ನೀನು ಮುಂದೆ ಕೂತ್ಕೋಬೇಕು. ನಿನ್ನ ಕಿವಿ ನನ್ನದಕ್ಕಿಂತ ಚುರುಕು, ನೀನು ಒಪ್ಪಲ್ಲ ಅಷ್ಟೆ. ಚಿಕ್ಕವನಿದ್ದಾಗ ಒಂದ್ಸಲ ಕೇಳಿದ್ದನ್ನ ಹಾಗೇ ಗುನುಗ್ತಿದ್ದೆ. ನನ್ನ ಬಾಯಿ ಹೋದ್ಮೇಲೆ ಅದು ನಿನ್ನ ಬಾಯಲ್ಲಿ ಇರ್ಲಿ."

"ಫೋನಲ್ಲಿ ಹಿಡಿದಿಟ್ರೆ ಆಯ್ತಲ್ಲ."

"ಫೋನಲ್ಲಿ ಇಟ್ಟಿದ್ದನ್ನ ಯಾರು ಕೇಳ್ತಾರೋ? ಹೋದ ವರ್ಷದ ಫೋಟೋನೇ ನೀನು ತಿರುಗಿ ನೋಡಿಲ್ಲ. ಬೇಡ. ಮನುಷ್ಯನ ಹತ್ರ ಇರ್ಲಿ."

"ಹಾಗಾದ್ರೆ ಈಗ್ಲೇ ನುಡಿಸು."

"ಊದಿದ್ರೆ ರಕ್ತ ನಿಲ್ಲಲ್ಲ. ಒಂದೇ ಸಲ ಅಂದ್ಮೇಲೆ ಹಿಂದೆ ಡ್ರಮ್ಮು ಇದ್ದು, ದೀಪ ಇದ್ದು, ಚೆನ್ನಾಗಿ ಆಗ್ಲಿ. ನನಗೂ ಆಸೆ ಇರಲ್ವೇನೋ?"

"ಬರ್ತೀನಿ. ಮುಂದೇನೇ ಕೂರ್ತೀನಿ. ಆಣೆ."

ಆಣೆ ಇಟ್ಟಾದ ಮೇಲೆ ಶನಿವಾರವೇ ಫೈನಲ್ ಎನ್ನುವುದು ಹೊಳೆಯಿತು. ತಂಡ ಫೈನಲ್ ಮುಖ ಕಂಡದ್ದೇ ಅದು ಮೊದಲು. ಆದರೂ ಲೆಕ್ಕ ಸರಿಹೋಗುತ್ತಿತ್ತು. ಪಂದ್ಯ ಮುಗಿದು ಅಣ್ಣನ ಸರದಿ ಬರುವುದರೊಳಗೆ ಒಂದು ಲೋಟ ಟೀ ಕುಡಿಯುವಷ್ಟು ಬಿಡುವಿತ್ತು. ಅಣ್ಣನಿಗೆ ಹೇಳಿದಾಗ ಅವನು ಊದಿದ ಕೆನ್ನೆಯಲ್ಲೇ ನಕ್ಕ. "ಹೋಗೋ. ನಿನ್ನ ಕಂಬ ಬಿದ್ದುಹೋದ್ರೆ ಊರೇ ನನ್ನ ಬೈಯುತ್ತೆ. ಮುಗಿಸ್ಕೊಂಡು ಬಾ."

ಶನಿವಾರ ಬೀದಿಗೆ ಬೀದಿಯೇ ಬಾರಿನೊಳಗೆ ನುಗ್ಗಿತ್ತು. ಒಳಗೆ ಹಿಡಿಸದವರು ಕಿಟಕಿಗೆ ಜೋತುಬಿದ್ದಿದ್ದರು. ದರ್ಜಿ ಒಳ್ಳೆಯ ಅಂಗಿ ಹಾಕಿಕೊಂಡು ಬಂದಿದ್ದ, ಹಾಡಿಗೆಂದು. ಕತ್ತರಿಯ ಕುರ್ಚಿಯಲ್ಲಿ ಕೂತಾಗ ಬೆನ್ನು ತಟ್ಟಿದ ಕೈಗಳೆಷ್ಟೋ. ಪಕ್ಕದಲ್ಲಿ ಎಂದಿನಂತೆ ಲೆಕ್ಕದ ಟೀಚರ್ ಕೂತಿದ್ದರು. ನಿವೃತ್ತರು, ತಂಡದ ಒಂದು ಪಂದ್ಯವನ್ನೂ ಬಿಟ್ಟವರಲ್ಲ, ಈ ಶಕುನದ ಮಾತನ್ನು ಮಾತ್ರ ನಂಬದವರು. "ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತಂತೆ. ನೀವು ಆ ಕಾಗೆ, ಅಷ್ಟೆ" ಎಂದು ಸದಾ ರೇಗಿಸುತ್ತಿದ್ದರು.

ಆಟ ಒಂದಕ್ಕೆ ಒಂದರಲ್ಲಿ ನಿಂತು ಅಲ್ಲಾಡಲಿಲ್ಲ. ಮುಗಿಯಬೇಕಾದ ಹೊತ್ತಿಗೆ ಮುಗಿಯಲಿಲ್ಲ. ಹೆಚ್ಚುವರಿ ಆಟ ಶುರುವಾಯಿತು. ದರ್ಜಿ ಬಾಗಿಲ ಕಡೆ ನೋಡಿದ, ಪರದೆಯ ಕಡೆ ನೋಡಿದ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಪಾಡು.

ಅಷ್ಟರಲ್ಲಿ ಜನರನ್ನು ಮೊಣಕೈಯಿಂದ ಸರಿಸುತ್ತ ಡ್ರಮ್ಮಿನಕ್ಕ ಬಂದಳು. ಹಗಲು ಶಾಲೆಯ ಬಸ್ಸು ಓಡಿಸಿ ರಾತ್ರಿ ಗೋದಾಮಿನಲ್ಲಿ ಡ್ರಮ್ ಬಾರಿಸುವವಳು. ಜನ ಸರಿಸುವುದು ಅವಳಿಗೆ ಹೊಸದಲ್ಲ. "ನಿಮ್ಮಣ್ಣ ಕಾಯ್ತಿದಾರೆ" ಎಂದಳು. "ಬಾಯಿಗೆ ಬಟ್ಟೆ ಒತ್ತಿಕೊಂಡು ಕೂತಿದಾರೆ. ಬನ್ನಿ."

"ಐದೇ ನಿಮಿಷ ಅಕ್ಕ. ಮುಗೀತು ಅನ್ಕೊಳ್ಳಿ."

"ಅಲ್ಲಿ ಮೊದ್ಲೇ ಜನ ಇಲ್ಲ, ಎಲ್ಲಾ ಇಲ್ಲೇ ಸತ್ತಿದಾರೆ. ಮಾಲೀಕ ದೀಪ ಆರಿಸ್ತೀನಿ ಅಂತ ಕುಣೀತಿದಾನೆ. ಅವರು ನೀವು ಬರೋವರೆಗೂ ಶುರು ಮಾಡಲ್ಲ ಅಂತ ಹಟ ಹಿಡಿದಿದಾರೆ."

ಕ್ಯಾಪ್ಟನ್ ದರ್ಜಿಯ ಎದುರು ಕೈ ಮುಗಿದು ನಿಂತ. ಅವನ ಹಿಂದೆ ಇನ್ನೂ ನಾಲ್ಕು ಜನ. ಟೀಚರೇ ಬಾಯಿಬಿಟ್ಟರು: "ಹೋಗಿ ಸ್ವಾಮಿ. ನೀವು ಎದ್ರೆ ಚೆಂಡಿಗೇನು ಗೊತ್ತಾಗುತ್ತಾ? ಅಣ್ಣ ದೊಡ್ಡವರು, ನಾಳೆ ಆಸ್ಪತ್ರೆ. ಏಳಿ."

ದರ್ಜಿ ಎದ್ದ. ಪೂರ್ತಿ ಏಳಲೂ ಇಲ್ಲ, ಕುರ್ಚಿಯಿಂದ ಅರ್ಧ ಮೇಲಕ್ಕೆ ಬಂದಿದ್ದ, ಅಷ್ಟೆ. ಪರದೆಯ ಎಡ ತುದಿಯಲ್ಲಿ ಎದುರಾಳಿಯ ಹುಡುಗನೊಬ್ಬ ಚೆಂಡನ್ನು ಎಳೆದು ಒದ್ದ. ಅದು ಗೋಲಿನ ಕಂಬಕ್ಕೆ ಬಡಿದು ಆಚೆ ಹಾರಿತು. ಕೂದಲೆಳೆಯಷ್ಟರಲ್ಲಿ ಉಳಿದದ್ದು. ಇಡೀ ಬಾರು ಒಂದೇ ಬಾಯಿಂದ ಚೀರಿತು. ದರ್ಜಿಯ ತೋಳು ಹಿಡಿದು ಕೆಳಕ್ಕೆ ಜಗ್ಗಿದ ಕೈ ಯಾರದೆಂದು ನೋಡಿದರೆ, ಲೆಕ್ಕದ ಟೀಚರದ್ದು. "ಕೂತ್ಕೊಳ್ರೀ!" ಎಂದು ಕಿರುಚಿದ್ದರು. ಕಿರುಚಿ, ಮುಖ ಕೆಂಪಗೆ ಮಾಡಿಕೊಂಡು ಬೇರೆ ಕಡೆ ತಿರುಗಿದರು.

ದರ್ಜಿ ಕೂತ. ಡ್ರಮ್ಮಿನಕ್ಕ ಬಾಗಿಲ ಕಡೆ ತಿರುಗಿದಳು. "ನೀವು ಹೊರಟಿದೀರಿ ಅಂತ ಹೇಳಿ ಶುರು ಮಾಡಿಸ್ತೀನಿ. ಬಂದ್ಬಿಡಿ" ಎಂದು ಹೊರಟುಹೋದಳು.

ಆಟ ಪೆನಾಲ್ಟಿಗೆ ಬಂತು. ಬಾರು ಉಸಿರು ಬಿಗಿಹಿಡಿಯಿತು. ಒದೆಯುವವನು ಎಡದಿಂದ ಓಡಿಬರುವುದು ದರ್ಜಿಗೆ ಕಾಣುತ್ತಿತ್ತು, ಆಮೇಲೆ ಕಂಬ. ಗೋಲಾಯಿತೋ ಇಲ್ಲವೋ ಎನ್ನುವುದನ್ನು ಪಕ್ಕದವರ ಮುಖದಲ್ಲಿ ಓದಿಕೊಳ್ಳಬೇಕಿತ್ತು. ಎರಡು ಒದೆತಗಳ ನಡುವಿನ ಆ ಮೌನದಲ್ಲಿ, ತೆರೆದ ಬಾಗಿಲಿನಿಂದ, ರಸ್ತೆಯಾಚೆಯ ಡ್ರಮ್ ಕೇಳಿಸಿತು. ಓಟ. ನಿಧಾನ. ನಿಲುಗಡೆ. ಮತ್ತೆ ಓಟ. ಅಮ್ಮನ ಪಾದ. ಹಿಂದೆಯೇ ಕ್ಲಾರಿನೆಟ್ಟು ಮೇಲೆದ್ದಿತು, ತಗ್ಗಿನಲ್ಲಿ, ಸ್ವಲ್ಪ ಒಡೆದ ದನಿಯಲ್ಲಿ. ಮೊದಲ ಸಾಲು ತಿರುವು ತೆಗೆದುಕೊಳ್ಳುವುದರಲ್ಲಿತ್ತು, ಅಷ್ಟರಲ್ಲಿ ಯಾರೋ ಗೋಲು ಹೊಡೆದರು, ಬಾರು ಹೋ ಎಂದಿತು, ಎಲ್ಲವೂ ಮುಳುಗಿಹೋಯಿತು.

ಎದ್ದರೆ ಈಗಲೂ ಸಿಗುತ್ತಿತ್ತು. ಯಾರೂ ಅವನನ್ನು ಕಟ್ಟಿಹಾಕಿರಲಿಲ್ಲ. ಮನಸ್ಸಿನಲ್ಲಿ ಏನಾಯಿತೆಂದು ಕೇಳಿದರೆ ಅವನೇ ನಾಚಿಕೆಯಿಂದ ಒಪ್ಪಿಕೊಂಡಾನು: ನಾನಿಲ್ಲದಿದ್ದರೂ ಅಣ್ಣ ನುಡಿಸುತ್ತಾನೆ, ನಾನಿಲ್ಲದಿದ್ದರೆ ಇವರು ಸೋಲುತ್ತಾರೆ ಎಂದುಕೊಂಡ. ಅಷ್ಟೇ. ಇಷ್ಟು ದೊಡ್ಡ ಮೂರ್ಖತನಕ್ಕೆ ಎರಡು ಸಾಲು ಸಾಕಾಯಿತು.

ಕೊನೆಯ ಒದೆತ. ಹುಡುಗ ಓಡಿ ಬಂದ, ಕಂಬದ ಹಿಂದೆ ಮರೆಯಾದ. ಕ್ಯಾಪ್ಟನ್ ಮೊಣಕಾಲೂರಿ ಅಳತೊಡಗಿದ್ದರಿಂದ ಗೆದ್ದೆವೆಂದು ದರ್ಜಿಗೆ ತಿಳಿಯಿತು.

ಆಮೇಲಿನದನ್ನು ಏನು ಹೇಳುವುದು! ಹತ್ತು ಕೈಗಳು ಅವನನ್ನು ಕುರ್ಚಿ ಸಮೇತ ಎತ್ತಿದವು. "ಹೋ ಹೋ ಹೊಯ್ಯೋ, ನಮ್ದೇ ಕಣ್ರೋ!" ಎಂದು ಹೊರಗೆ ಹೊತ್ತರು. ಮುದುಕರು ಅವನ ಕಾಲು ಮುಟ್ಟಿದರು, ಗೊತ್ತಿಲ್ಲದ ಹೆಂಗಸೊಬ್ಬಳು ಕೆನ್ನೆ ಹಿಂಡಿದಳು. ಸುಳ್ಳು ಯಾಕೆ, ಆ ಹೊತ್ತು ಅವನೂ ಕೈ ಮೇಲೆತ್ತಿ ಅದೇ ಹಾಡು ಅರಚಿದ. ಬಾಳಿನಲ್ಲಿ ಅಷ್ಟು ಎತ್ತರ ಅವನು ಏರಿರಲಿಲ್ಲ. ಆ ಎತ್ತರದಿಂದಲೇ ಗೋದಾಮಿನ ಬಾಗಿಲು ಕಂಡಿತು. ಒಳಗಿದ್ದ ಬೆರಳೆಣಿಕೆಯ ಜನ ಗದ್ದಲ ನೋಡಲು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ನಗುತ್ತಿದ್ದರು. ಅವರ ಹಿಂದೆ ಖಾಲಿ ಕುರ್ಚಿಗಳು.

"ಇಳಿಸ್ರೋ" ಎಂದ. ಯಾರಿಗೂ ಕೇಳಿಸಲಿಲ್ಲ. "ಇಳಿಸ್ರೋ!" ಎಂದು ಕೂಗಿದ. ಅದನ್ನೂ ಖುಷಿಯೆಂದುಕೊಂಡು ಇನ್ನೂ ಮೇಲಕ್ಕೆ ಹಾರಿಸಿದರು. ಬೀದಿಯ ಕೊನೆಯವರೆಗೆ ಹೊತ್ತುಕೊಂಡು ಹೋಗಿ ತಿರುಗಿ ತಂದರು.

ಅವನು ಗೋದಾಮಿಗೆ ಕಾಲಿಟ್ಟಾಗ ವೇದಿಕೆಯ ದೀಪ ಆರಿತ್ತು. ಅಣ್ಣ ಸ್ಪೀಕರ್ ಪೆಟ್ಟಿಗೆಯ ಮೇಲೆ ಕೂತು ಕ್ಲಾರಿನೆಟ್ಟನ್ನು ಬಿಡಿಬಿಡಿ ಮಾಡಿ ಒರೆಸುತ್ತಿದ್ದ. ಬಾಯಿಗೆ ಒತ್ತಿದ್ದ ಬಟ್ಟೆ ಕೆಂಪಾಗಿತ್ತು.

"ಗೆದ್ರಾ?" ಎಂದ.

"ಗೆದ್ವಿ ಅಣ್ಣ."

"ಕೇಳಿಸ್ತು." ಬಟ್ಟೆ ಮಡಚಿ ಒಣಗಿದ ಕಡೆ ಹೊರಳಿಸಿಕೊಂಡ. "ನೀನು ಬಂದ್ಯಾ?"

ಇಲ್ಲವೆಂದಿದ್ದರೆ ಅಣ್ಣ ಬೈದು ಸುಮ್ಮನಾಗುತ್ತಿದ್ದ, ಅಥವಾ ಬೈಯದೆಯೂ ಸುಮ್ಮನಾಗುತ್ತಿದ್ದ. "ಬಂದಿದ್ದೆ" ಎಂದುಬಿಟ್ಟ ದರ್ಜಿ. "ಬಾಗಿಲ ಹತ್ರ ನಿಂತಿದ್ದೆ. ಮುಂದೆ ಬರೋಕಾಗ್ಲಿಲ್ಲ. ಕೇಳ್ದೆ."

"ಪೂರ್ತಿನಾ?"

"ಪೂರ್ತಿ. ಕೊನೇಲಿ ಅಮ್ಮ ದಾರ ಕತ್ತರಿಸಿದ ಹಾಗೆ ನಿಲ್ಲಿಸಿದ್ಯಲ್ಲ, ಅಲ್ಲಿ ನನಗೆ ಕಣ್ಣಲ್ಲಿ ನೀರು ಬಂತು."

ಡ್ರಮ್ಮಿನ ಸ್ಕ್ರೂ ಬಿಚ್ಚುತ್ತಿದ್ದ ಡ್ರಮ್ಮಿನಕ್ಕ ತಲೆಯೆತ್ತಿ ನೋಡಿದಳು. ಅಣ್ಣ ಕ್ಲಾರಿನೆಟ್ಟಿನ ಕೊನೆಯ ತುಂಡನ್ನು ಪೆಟ್ಟಿಗೆಯಲ್ಲಿಟ್ಟು ಕೊಂಡಿ ಹಾಕಿದ. "ಹೌದಾ" ಎಂದ. "ಒಳ್ಳೇದಾಯ್ತು ಬಿಡು." ಬಟ್ಟೆ ತೊಳೆದುಕೊಂಡು ಬರಲು ನಲ್ಲಿಯ ಕಡೆ ನಡೆದ.

ಅವನು ಮರೆಯಾದ ಮೇಲೆ ಡ್ರಮ್ಮಿನಕ್ಕ ಹತ್ತಿರ ಬಂದಳು. ದನಿ ಏರಿಸಲಿಲ್ಲ. "ಕೊನೆ ಎಲ್ಲಿತ್ರೀ? ನಿಮ್ಮ ಕೂಗು ಕೇಳಿ ಇದ್ದ ನಾಲ್ಕು ಜನಾನೂ ಎದ್ದು ಹೊರಗೆ ಓಡಿದ್ರು. ನಿಮ್ಮಣ್ಣ ಅರ್ಧಕ್ಕೇ ಕ್ಲಾರಿನೆಟ್ಟು ಬಾಯಿಂದ ಇಳಿಸಿಬಿಟ್ರು. ಮುಗಿಸ್ಲೇ ಇಲ್ಲ."

"ನಿಮಗೆ ಬರುತ್ತಲ್ವಾ ಅಕ್ಕ? ನೀವು ಜೊತೆಗೆ ಬಾರಿಸಿದ್ರಿ."

"ನನಗೆ ಹೇಳಿಕೊಟ್ಟಿದ್ದು ತಾಳ ಮಾತ್ರ. ಮೇಲಿಂದು ಏನಿತ್ತು ಅಂತ ನಾನೂ ಇವತ್ತೇ ಕೇಳಬೇಕಿತ್ತು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ದರ್ಜಿಯದು ಎರಡೂ ಒಂದೇ ರಾತ್ರಿ ಹೋದವು. ಮನೆಗೆ ನಡೆಯುವಾಗ ಅಣ್ಣ ಅವನ ತೋಳು ಹಿಡಿದುಕೊಂಡಿದ್ದ. ನಿಜ ಹೇಳಿಬಿಡಲು ದರ್ಜಿ ನಾಲ್ಕು ಸಲ ಬಾಯಿ ತೆರೆದ. ರಕ್ತ ಇನ್ನೂ ಸೋರುತ್ತಿತ್ತು. ಇನ್ನೊಮ್ಮೆ ಊದು ಎಂದು ಯಾವ ಬಾಯಲ್ಲಿ ಕೇಳುವುದು? ಬೀದಿಯಲ್ಲಿ ಸಿಕ್ಕವರೆಲ್ಲ "ಕಂಬಣ್ಣಾ!" ಎಂದು ಕೂಗುತ್ತಿದ್ದರು. ಅಣ್ಣ ಅವರಿಗೆಲ್ಲ ಕೈ ಬೀಸಿದ.

ಆಪರೇಷನ್ ಆಯಿತು. ಅಣ್ಣನ ಮುಖದ ಕೆಳಗಿನ ಅರ್ಧವನ್ನು ಬ್ಯಾಂಡೇಜು ನುಂಗಿತ್ತು. ಉಸಿರಿಗೆ ಗಂಟಲಲ್ಲಿ ಕೊಳವೆ, ಆಹಾರಕ್ಕೆ ಮೂಗಿನಲ್ಲಿ ಕೊಳವೆ. ದನಿಯೆಂಬುದಿಲ್ಲ. ಗಂಟು ಕತ್ತಿಗೂ ಇಳಿದಿದೆ ಎಂದು ಡಾಕ್ಟರು ದರ್ಜಿಯನ್ನು ವರಾಂಡಕ್ಕೆ ಕರೆದು ಹೇಳಿದರು. ಅಣ್ಣನ ಬೆರಳುಗಳು ಮಾತ್ರ ಹೊದಿಕೆಯ ಅಂಚಿನ ಮೇಲೆ ಆಗಾಗ ಆಡುತ್ತಿದ್ದವು. ನೋಡಲು ಬಂದ ಡ್ರಮ್ಮಿನಕ್ಕ ಅದನ್ನೇ ದಿಟ್ಟಿಸಿದಳು. ಅಣ್ಣ ಬರೆದು ಕಲಿತವನಲ್ಲ, ಕೇಳಿ ಕಲಿತವನು. "ಬೆರಳು ನೋಡಿ ಏನು ಗೊತ್ತಾಗುತ್ತೆ? ಅರ್ಧ ತುಟಿಯಲ್ಲೇ ಇತ್ತು" ಎಂದು ಅವಳು ಕಣ್ಣೊರೆಸಿಕೊಂಡಳು.

ದರ್ಜಿ ಅಂಗಡಿ ಮುಚ್ಚಿ ಅಮ್ಮನ ಹಳೆಯ ಮಿಷನ್ನನ್ನು ಅಟ್ಟದಿಂದ ಇಳಿಸಿದ. ದಾರವಿಲ್ಲದೆ, ಬಟ್ಟೆಯಿಲ್ಲದೆ ಬರಿದೆ ತುಳಿದ. ಓಟ, ನಿಧಾನ, ನಿಲುಗಡೆ. ತಾಳ ಸಿಕ್ಕಿತು. ಅದರ ಮೇಲೆ ಅಂದು ಬಾಗಿಲಿನಿಂದ ಬಂದ ಆ ಒಂದು ಎಳೆಯನ್ನು ಇಟ್ಟು ಮುಂದಕ್ಕೆ ಎಳೆಯಲು ನೋಡಿದ. ಸಂಜೆ ಆಸ್ಪತ್ರೆಗೆ ಹೋಗಿ ಮಂಚದ ಪಕ್ಕ ಕೂತು ಗುನುಗಿದ. "ಇದೇ ಅಲ್ವಾ ಅಣ್ಣ?" ಅಣ್ಣ ಅಲ್ಲವೆಂದು ಕಣ್ಣಾಡಿಸಿದ. ಮರುದಿನ ಬೇರೆ ಮಾಡಿಕೊಂಡು ಹೋದ. ಅಲ್ಲ. ಅದರ ಮರುದಿನವೂ ಅಲ್ಲ. ಪೂರ್ತಿ ಕೇಳಿದವನು ಹೀಗೆ ದಿನಕ್ಕೊಂದು ತರುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಅಣ್ಣ ಒಂದು ದಿನವೂ ಅದನ್ನು ಮುಖದಲ್ಲಿ ತೋರಿಸಿಕೊಡಲಿಲ್ಲ.

ಅಣ್ಣ ತೀರ ಸೊರಗಿದ್ದ ಒಂದು ಸಂಜೆ ದರ್ಜಿ ಕಣ್ಣು ಮುಚ್ಚಿ ಬಾಯಿಗೆ ಬಂದಂತೆ ಗುನುಗತೊಡಗಿದ. ಮೊದಲ ಎಳೆ ಸರಿಯಾಗಿ ಎದ್ದಿತು. ತಿರುವಿನಲ್ಲಿ ತಾನಾಗಿ ಮುಂದಕ್ಕೆ ಹರಿಯಿತು, ತಡೆಯಿಲ್ಲದೆ, ಸಲೀಸಾಗಿ. ಸಿಕ್ಕಿತು ಎಂದುಕೊಂಡ. ಎರಡನೆಯ ಸಲ ಅದೇ ತಿರುವು ಬಂದಾಗ ಅದು ಯಾವುದೆಂದು ಅವನಿಗೆ ಗುರುತು ಹತ್ತಿತು. ಹೋ ಹೋ ಹೊಯ್ಯೋ. ನಿಧಾನ ಮಾಡಿದ್ದ, ಮೆತ್ತಗೆ ಮಾಡಿದ್ದ, ಅಮ್ಮನ ತಾಳಕ್ಕೆ ಕೂರಿಸಿದ್ದ. ಆದರೂ ಅದೇ ನಾಲ್ಕು ಸ್ವರ. ಅವನ ಚುರುಕು ಕಿವಿ ಹಿಡಿದಿಟ್ಟುಕೊಂಡಿದ್ದು ಅದನ್ನೇ. ನಿಲ್ಲಿಸಿಬಿಟ್ಟ.

ಅಣ್ಣ ಅವನನ್ನೇ ನೋಡುತ್ತಿದ್ದ. ಆ ರಾತ್ರಿ ವೇದಿಕೆಯ ಮೇಲೆ ನಿಂತು ಆ ಕೂಗನ್ನು ಅವನೂ ಕೇಳಿದ್ದ. ಆದರೂ ಹೌದು, ಇದೇ ಎಂದು ನಿಧಾನವಾಗಿ ತಲೆದೂಗಿದ. ತಮ್ಮನ ಕೈಯನ್ನು ಎಳೆದು ಎದೆಯ ಮೇಲಿಟ್ಟುಕೊಂಡು, ಇನ್ನೊಂದು ಸಲ ಎಂಬಂತೆ ಬೆರಳು ತಟ್ಟಿದ.

ದರ್ಜಿ ಇನ್ನೊಂದು ಸಲ ಗುನುಗಿದ.